ಎಸ್ಟೋನಿಯದ ಗುರುತಿನ ಚೀಟಿಯೂ ಬ್ರ್ನೋ ಪಂಡಿತರ ಶೋಧವೂ

ಬಾಲ್ಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಎಸ್ಟೋನಿಯವು ಬಹು ಚಿಕ್ಕ ರಾಜ್ಯ. ಅಲ್ಲಿಯ ಜನಸಂಖ್ಯೆ ಸುಮಾರು ೧೩ ಲಕ್ಷ ಮಾತ್ರ. ೧೯೯೧ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಹೊಂದಿದ ಮೇಲೆ ಆಡಳಿತವನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿ ಬಂದಾಗ, ಈ ರಾಜ್ಯವು ಕಾಗದಪತ್ರಗಳ ಹಳೆಯ ದಾರಿಯನ್ನು ಬಿಟ್ಟು ಗಣಕಯಂತ್ರಗಳ ದಾರಿಯನ್ನೇ ಹಿಡಿಯಿತು. ೨೦೦೦ದಲ್ಲಿ ಮಾಡಿದ ಶಾಸನವೊಂದರಿಂದ ಯಂತ್ರದ ಮೂಲಕ ಹಾಕಿದ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆಯುಂಟಾಯಿತು. ೨೦೦೨ರ ಜನವರಿಯಿಂದ ಚಿಪ್ಪು ಕೂಡಿಸಿದ ಗುರುತಿನ ಚೀಟಿಗಳು ಪ್ರಜೆಗಳ ಕೈಸೇರತೊಡಗಿದುವು. ತೆರಿಗೆಯ ಲೆಕ್ಕ ಒಪ್ಪಿಸುವುದು, ವೈದ್ಯನು ಬರೆದ ಔಷಧದ ಚೀಟಿಯನ್ನು ಅಂಗಡಿಯಲ್ಲಿ ತೋರಿಸುವುದು, ವ್ಯಾಪಾರ ಸಂಸ್ಥೆಯನ್ನು ನೋಂದಾಯಿಸುವುದು, ೨೦೦೫ರಿಂದ ಈಚೆಗೆ ಮನೆಯಿಂದಲೇ ಮತ ನೀಡುವುದು, ಇವೆಲ್ಲಕ್ಕೂ ಈ ಒಂದು ಚೀಟಿಯೇ ಸಾಕಾಯಿತು. ೨೦೧೩ರಲ್ಲಿ ಎಸ್ಟೋನಿಯ ಮತ್ತು ಫಿನ್ಲೆಂಡುಗಳ ಪ್ರಧಾನಮಂತ್ರಿಗಳು ತಮ್ಮೊಳಗಿನ ಒಡಂಬಡಿಕೆಯೊಂದಕ್ಕೆ ಇಂಥ ಸಹಿಯನ್ನೇ ಹಾಕಿದರು. ೨೦೧೪ರ ಡಿಸೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ದೇಶದಲ್ಲಿ ವಾಸಿಸದ ಪರದೇಶೀಯರಿಗೂ ಇದೇ ಬಗೆಯ ಚೀಟಿಯನ್ನು ಕೊಡುವ ಏರ್ಪಾಡಾಯಿತು. ಸಾವಿರಾರು ಮೈಲಿ ದೂರದ ವರ್ತಕನೂ ಅದರಿಂದ ಟಾಲಿನ್ ನಗರದಲ್ಲಿ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದಕ್ಕೆ ಅವಕಾಶವಾಯಿತು.

ಹೀಗಿರಲು, ೨೦೧೭ರ ನವೆಂಬರ್ ೩ರ ನಡುರಾತ್ರಿಯಲ್ಲಿ ಆ ಸರ್ಕಾರವು ತಾನೇ ಕೊಟ್ಟ ಲಕ್ಷಗಟ್ಟಲೆ ಚೀಟಿಗಳ ಪ್ರಮಾಣಪತ್ರಗಳನ್ನು ತಾನೇ ತಡೆಹಿಡಿಯಬೇಕಾಯಿತು. ದೋಷವುಳ್ಳವೆಂದು ಗೊತ್ತಾದ ಚೀಟಿಗಳು ಸುಮಾರು ಏಳೂವರೆ ಲಕ್ಷ. ಅವುಗಳಲ್ಲಿ ಅದುವರೆಗೆ ನವೀಕರಣ ಹೊಂದದೆ ಉಳಿದಿದ್ದುವೆಲ್ಲ ಆ ರಾತ್ರಿ ನಿಂತುಹೋದುವು. ಯಾವ ಶತ್ರುವೂ ಆ ಚೀಟಿಗಳನ್ನು ಒಡೆದಿರಲಿಲ್ಲ. ಮಧ್ಯಯೂರೋಪಿನ ವಿಶ್ವವಿದ್ಯಾನಿಲಯವೊಂದರ ಕೆಲವರು ವಿದ್ವಾಂಸರು ಸಂಖ್ಯೆಗಳ ನಡೆನುಡಿಯನ್ನು ಪರೀಕ್ಷಿಸುತ್ತ ಹೋಗಿ ಕಂಡುಕೊಂಡ ಒಂದು ಸಂಗತಿಯೇ ಇದಕ್ಕೆ ಕಾರಣ. ಆ ಸಂಗತಿ ಯಾವುದು, ಅದು ಗಡಿಗಳನ್ನು ದಾಟಿ ತಲಪಬೇಕಾದವರಿಗೆ ತಲಪುವುದಕ್ಕೆ ಅಷ್ಟು ಕಾಲ ಏಕೆ ಹಿಡಿಯಿತು ಎಂಬುದು ವಿಚಾರಯೋಗ್ಯವಾಗಿದೆ.

ಮೊದಲು ಸಹಿಯ ಸ್ವರೂಪವನ್ನು ತಿಳಿಯಬೇಕು. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಪಾಠವು ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯ 'ಶ್ರೀ ವಿರೂಪಾಕ್ಷ' ಎಂಬ ಒಪ್ಪವು ಕನ್ನಡ ಅಕ್ಷರಗಳಲ್ಲಿ ಇರುವುದು ಶಾಸನಾಭ್ಯಾಸಿಗಳಿಗೆ ತಿಳಿದೇ ಇದೆ. ಇಂಥ ಒಪ್ಪವು ಎಲ್ಲ ಶಾಸನಗಳಲ್ಲಿಯೂ ಒಂದೇ ಆಗಿರುವುದರಿಂದ, ಒಂದನ್ನು ಕಂಡವನು ಇನ್ನೊಂದರ ಮೇಲೆ ಅದನ್ನು ಕೊರೆಯುವುದು ಅಸಾಧ್ಯವಲ್ಲ. ಕೂಟಶಾಸನಗಳ ತೊಡಕು ಹುಟ್ಟುವುದು ಇಲ್ಲಿಯೇ. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಪಂಡಿತರು ಕೂಟವೆಂದು ತಳ್ಳಿಹಾಕಿದ್ದೂ, ಆ ವಿಷಯದಲ್ಲಿ ಬಹುಕಾಲ ವಾದವು ನಡೆದದ್ದೂ ಪ್ರಸಿದ್ಧವೇ. ಡಿಜಿಟಲ್ ಸಹಿಯ ಸ್ವಭಾವವು ಇದಕ್ಕಿಂತ ಭಿನ್ನವಾದುದು. ಅದು ಸಹಿ ಮಾಡುವವನ ರಹಸ್ಯ ಸಂಖ್ಯೆ ಮತ್ತು ಸಹಿ ಮಾಡಿದ ಪತ್ರದ ಪಾಠ, ಇವೆರಡನ್ನೂ ಸೇರಿಸಿ ಗಣಿಸಿ ಪಡೆದ ಫಲ. ಪತ್ರದಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಒಂದು ಪತ್ರದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ.

ಈ ವಿದ್ಯೆಯ ಬೀಜವು ೧೯೭೬ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಬಂಧದಲ್ಲಿದೆ. ಪ್ರತಿಯೊಬ್ಬನಿಗೂ ಜೋಡಿಯಾದ ಎರಡು ಕೀಲಿಗಳಿರಬೇಕು; ಒಂದು ರಹಸ್ಯವಾಗಿ ಅವನಲ್ಲಿಯೇ ಇರತಕ್ಕದ್ದು, ಇನ್ನೊಂದು ಬಹಿರಂಗವಾಗಿ ಎಲ್ಲರ ಕೈಯಲ್ಲಿಯೂ ಇರತಕ್ಕದ್ದು; ರಹಸ್ಯ ಕೀಲಿಯಿಂದ ಮಾಡಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅದರಿಂದ ಸಹಿ ಮಾಡಲು ಆಗದು. ಮರುವರ್ಷವೇ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇದನ್ನು ಕಾರ್ಯಗತ ಮಾಡುವ ಮಾರ್ಗವೊಂದನ್ನು ಕಂಡುಹಿಡಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಆರ್. ಎಸ್. ಎ. ಎಂಬ ಹೆಸರು ಬಂದಿದೆ. ಅದರ ತಳಹದಿಯು ಶಾಲೆಯ ಅಂಕಗಣಿತದಲ್ಲಿಯೇ ಇದೆ. ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಆ ಎರಡು ಸಂಖ್ಯೆಗಳು ಯಾವುವೆಂದು ಕೇಳಿದರೆ ಹೇಳುವುದು ಕಷ್ಟ. ೧೪೩ ಎಂದರೆ ೧೧ ಮತ್ತು ೧೩ರ ಗುಣಲಬ್ಧವೆಂದು ಬಾಲಕನೂ ಹೇಳಿಯಾನು. ಎಸ್ಟೋನಿಯದ ಚೀಟಿಗಳಲ್ಲಿದ್ದ ಬಹಿರಂಗ ಸಂಖ್ಯೆಯಾದರೋ ೨೦೪೮ ಬಿಟ್ಟುಗಳದು, ಎಂದರೆ ನಮ್ಮ ಎಣಿಕೆಯಲ್ಲಿ ಆರುನೂರಕ್ಕೂ ಮಿಕ್ಕು ಅಂಕಗಳುಳ್ಳದ್ದು. ಅದನ್ನು ಒಡೆಯುವ ದಾರಿ ಲೋಕದ ಯಾವ ಗಣಕಯಂತ್ರಕ್ಕೂ ತಿಳಿಯದು. ಆದರೆ ಒಂದು ನಿಬಂಧನೆಯುಂಟು: ಆ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಆರಿಸುವಾಗ ಯಾವ ಒಲವೂ ಇರಕೂಡದು. ಕಣ್ಣು ಕಟ್ಟಿಕೊಂಡು ಚೀಟಿಯೆತ್ತಿದಂತೆ ಅವು ದೊರೆಯಬೇಕು.

ಚೆಕ್ ದೇಶದ ಬ್ರ್ನೋ ನಗರದಲ್ಲಿ, ಹಿಂದೆ ಮೆಂಡೆಲನು ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶದ ನಿಯಮಗಳನ್ನು ಕಂಡ ಊರಿನಲ್ಲಿಯೇ, ಮಸಾರಿಕ್ ವಿಶ್ವವಿದ್ಯಾನಿಲಯವಿದೆ. ಅಲ್ಲಿಯ ಪೆತ್ರ್ ಷ್ವೆಂದ ಮೊದಲಾದ ವಿದ್ವಾಂಸರು ೨೦೧೬ರಲ್ಲಿ ಒಂದು ಕುತೂಹಲಕರವಾದ ಪ್ರಶ್ನೆಯನ್ನೆತ್ತಿದರು. ಬಹಿರಂಗ ಕೀಲಿಯೊಂದನ್ನು ಮಾತ್ರ ನೋಡಿ, ಅದನ್ನು ತಯಾರಿಸಿದ ಯಂತ್ರವು ಯಾವುದೆಂದು ಹೇಳಬಹುದೇ ಎಂಬುದೇ ಆ ಪ್ರಶ್ನೆ. ಕಾಲಸೂಚನೆಯಾಗಲಿ ಲಿಪಿಕಾರನ ಹೆಸರಾಗಲಿ ಇಲ್ಲದ ಓಲೆಯ ಪ್ರತಿಯನ್ನು ಮುಂದಿಟ್ಟುಕೊಂಡು, ಒತ್ತಕ್ಷರದ ಬಾಗು, ದೀರ್ಘದ ಕೊಂಬು, ಪದೇ ಪದೇ ಮಾಡುವ ಸ್ಖಾಲಿತ್ಯ ಇವುಗಳಿಂದ 'ಇದು ಇಂಥ ಕೈಯ ಬರಹ' ಎಂದು ನಿಶ್ಚಯಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ರೀತಿಯಲ್ಲಿ ಹೆಚ್ಚು ಭೇದವಿಲ್ಲ. ಅವರು ೨೨ ಬಗೆಯ ಗಣಕ ಕಾರ್ಯಕ್ರಮಗಳಿಂದಲೂ ೧೬ ಬಗೆಯ ಚಿಪ್ಪಿನ ಚೀಟಿಗಳಿಂದಲೂ ಆರು ಕೋಟಿಗೂ ಹೆಚ್ಚು ಕೀಲಿ ಜೋಡಿಗಳನ್ನು ಹುಟ್ಟಿಸಿ ಹೋಲಿಸಿದರು. ಸಂಖ್ಯೆಗಳಿಗೂ 'ಕೈ' ಉಂಟೆಂಬುದು ಸಿದ್ಧವಾಯಿತು. ಒಂದು ತಯಾರಕನ ಕೀಲಿಗಳು ಇನ್ನೊಬ್ಬನವುಗಳಿಂದ ಬೇರೆಯಾಗಿ ಗುಂಪುಗೂಡುತ್ತಿದ್ದುವು. ಅವುಗಳಲ್ಲಿಯೂ ಒಂದು ಗುಂಪು ಉಳಿದೆಲ್ಲಕ್ಕಿಂತ ವಿಚಿತ್ರವಾಗಿ ತೋರಿತು. ಅದು ಜರ್ಮನಿಯ ಇನ್ಫಿನಿಯನ್ ಸಂಸ್ಥೆಯ ಚಿಪ್ಪುಗಳಿಂದ ಬಂದುದು.

ಆ ಚಿಪ್ಪಿನೊಳಗಣ ಗಣನಕ್ರಮವು ಸಂಸ್ಥೆಯ ಗುಟ್ಟಾಗಿದ್ದಿತು. ವಿದ್ವಾಂಸರಿಗೆ ಹೊರಬಂದ ಸಂಖ್ಯೆಗಳ ಹೊರತು ಬೇರೆ ಆಧಾರವಿರಲಿಲ್ಲ. ಆ ಸಂಖ್ಯೆಗಳನ್ನು ಸಣ್ಣ ಸಣ್ಣ ಅವಿಭಾಜ್ಯಗಳಿಂದ ಭಾಗಿಸಿ ಶೇಷಗಳನ್ನು ನೋಡಿದಾಗ ಗುಟ್ಟು ಬಯಲಾಯಿತು. ಸಾಮಾನ್ಯವಾದ ಬಹಿರಂಗ ಸಂಖ್ಯೆಯನ್ನು ೧೧ರಿಂದ ಭಾಗಿಸಿದರೆ ೧ರಿಂದ ೧೦ರವರೆಗೆ ಯಾವ ಶೇಷವಾದರೂ ಬರಬಹುದು. ಈ ಚಿಪ್ಪಿನ ಸಂಖ್ಯೆಗಳಲ್ಲಿ ಬರುತ್ತಿದ್ದುದು ೧ ಅಥವಾ ೧೦ ಮಾತ್ರ. ೩೭ರಿಂದ ಭಾಗಿಸಿದರೆ ಮೂವತ್ತಾರು ಬಗೆಯ ಶೇಷಗಳಿಗೆ ಎಡೆಯಿದ್ದರೂ ೧, ೧೦, ೨೬ ಈ ಮೂರೇ ಬರುತ್ತಿದ್ದುವು. ಇದು ಆಕಸ್ಮಿಕವಾಗಿರಲಾರದು. ಅವಿಭಾಜ್ಯ ಸಂಖ್ಯೆಯನ್ನು ಹುಡುಕುವುದು ಚಿಕ್ಕ ಚಿಪ್ಪಿಗೆ ಬಹಳ ಹೊತ್ತು ಹಿಡಿಯುವ ಕೆಲಸವಾದ್ದರಿಂದ, ಅದನ್ನು ಚುರುಕುಗೊಳಿಸುವುದಕ್ಕೆ ತಯಾರಕರು ಒಂದು ಅಡ್ಡದಾರಿಯನ್ನು ಹಿಡಿದಿದ್ದರು. ಮೊದಲ ೧೨೬ ಅವಿಭಾಜ್ಯಗಳನ್ನು ಒಂದಕ್ಕೊಂದು ಗುಣಿಸಿದರೆ ದೊಡ್ಡ ಸಂಖ್ಯೆಯೊಂದು ಬರುವುದಷ್ಟೆ. ಚಿಪ್ಪು ಆರಿಸುತ್ತಿದ್ದ ಪ್ರತಿಯೊಂದು ಅವಿಭಾಜ್ಯವನ್ನೂ ಆ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷವು ೬೫೫೩೭ರ ಯಾವುದಾದರೊಂದು ಘಾತದ ಶೇಷವೇ ಆಗಿರುತ್ತಿದ್ದಿತು. ೬೫೫೩೭ನ್ನು ೧೧ರಿಂದ ಭಾಗಿಸಿದರೆ ಶೇಷ ೧೦. ಅದರ ಘಾತಗಳ ಶೇಷಗಳು ೧೦, ೧, ೧೦, ೧ ಎಂದು ಸುತ್ತುತ್ತವೆ. ಮೇಲೆ ಹೇಳಿದ ವಿಚಿತ್ರಕ್ಕೆ ಕಾರಣ ಇದೇ. ಚೀಟಿಯೆತ್ತುವವನು ಕಣ್ಣು ಕಟ್ಟಿಕೊಂಡಿದ್ದರೂ ಮಡಕೆಯಲ್ಲಿ ಹಾಕಿದ್ದ ಚೀಟಿಗಳೇ ಕೆಲವಾದಂತಾಯಿತು.

ಎಡೆ ಹೀಗೆ ಕಿರಿದಾದ ಮೇಲೆ ಹುಡುಕುವುದಕ್ಕೆ ಸಾಧನ ಸಿದ್ಧವಾಗಿಯೇ ಇದ್ದಿತು. ಗುಣಿಸಿದ ಸಂಖ್ಯೆಗಳಲ್ಲೊಂದರ ಸ್ವಲ್ಪ ಭಾಗ ತಿಳಿದರೆ ಉಳಿದುದನ್ನು ಕಂಡುಕೊಳ್ಳುವ ಕ್ರಮವನ್ನು ಡಾನ್ ಕಾಪರ್‌ಸ್ಮಿತ್ ಎಂಬ ಗಣಿತಜ್ಞನು ೧೯೯೬ರಲ್ಲಿಯೇ ತೋರಿಸಿದ್ದನು. ಬ್ರ್ನೋದವರು ಅದನ್ನು ಇಲ್ಲಿಗೆ ಅಳವಡಿಸಿದರು. ೧೦೨೪ ಬಿಟ್ಟುಗಳ ಕೀಲಿಯನ್ನು ಒಡೆಯಲು ಒಂದು ಗಣಕಕ್ಕೆ ಹೆಚ್ಚೆಂದರೆ ೯೭ ದಿನವೂ, ೨೦೪೮ ಬಿಟ್ಟುಗಳದಕ್ಕೆ ಹೆಚ್ಚೆಂದರೆ ೧೪೦.೮ ವರ್ಷವೂ ಸಾಕೆಂದು ಅವರ ಲೆಕ್ಕ. ನೂರನಾಲ್ವತ್ತು ವರ್ಷವೆಂಬುದು ಅಭಯವೆಂದು ತೋರಬಹುದು. ಆದರೆ ಈ ಕೆಲಸವನ್ನು ಹಂಚಿಕೊಳ್ಳಲು ಬರುತ್ತದೆ. ಸಾವಿರ ಗಣಕಗಳನ್ನು ಬಾಡಿಗೆಗೆ ಹಿಡಿದವನಿಗೆ ಅದು ಐವತ್ತೊಂದು ದಿನದ ಮಾತು. ಹಾಗೆ ಒಡೆದವನು ಚೀಟಿಯ ಒಡೆಯನ ಹೆಸರಿನಲ್ಲಿ ಸಹಿ ಹಾಕಬಹುದು. ಚೀಟಿಯನ್ನು ಕದಿಯಬೇಕಾದುದೂ ಇಲ್ಲ. ಎಲ್ಲರಿಗೂ ದೊರೆಯುವ ಬಹಿರಂಗ ಕೀಲಿಯೊಂದಿದ್ದರೆ ಸಾಕು.

ಇಲ್ಲಿಂದ ಮುಂದಿನ ಕಥೆಯು ಗಣಿತದ್ದಲ್ಲ, ವ್ಯವಹಾರದ್ದು. ಚೀಟಿಯ ವಂಶಾವಳಿಯನ್ನು ನೋಡಿದರೆ ಎಷ್ಟು ದೇಶಗಳು ಅದರಲ್ಲಿ ಕೂಡಿದ್ದುವೆಂಬುದು ತಿಳಿಯುತ್ತದೆ. ಚಿಪ್ಪು ಜರ್ಮನಿಯ ಸಂಸ್ಥೆಯದು. ಅದನ್ನು ಪರೀಕ್ಷಿಸಿ ಯೋಗ್ಯವೆಂದು ಪ್ರಮಾಣಪತ್ರ ಕೊಟ್ಟುದು ಅದೇ ದೇಶದ ಸರ್ಕಾರೀ ಭದ್ರತಾ ಸಂಸ್ಥೆ. ಚೀಟಿಯನ್ನು ಒದಗಿಸಿದವರು ಸ್ವಿಟ್ಸರ್ಲೆಂಡಿನ ಟ್ರ್ಯೂಬ್ ಸಂಸ್ಥೆಯವರು, ೨೦೧೫ರಲ್ಲಿ ಅದನ್ನು ಕೊಂಡವರು ಜೆಮಾಲ್ಟೊ ಸಂಸ್ಥೆಯವರು. ದೋಷವನ್ನು ಕಂಡವರು ಚೆಕ್ ದೇಶದ ವಿದ್ವಾಂಸರು, ಅವರಿಗೆ ಜೊತೆಯಾದುವು ಇಟಲಿಯ ವೆನಿಸ್ ನಗರದ ವಿಶ್ವವಿದ್ಯಾನಿಲಯವೂ ಇಂಗ್ಲೆಂಡಿನ ಕೇಂಬ್ರಿಜ್ಜಿನ ಎನಿಗ್ಮ ಬ್ರಿಜ್ ಎಂಬ ಚಿಕ್ಕ ಉದ್ಯಮವೂ. ಇವರೆಲ್ಲರ ಕೆಲಸದ ಫಲವನ್ನು ಉಂಡುದು ಎಸ್ಟೋನಿಯ. ವಿದ್ವಾಂಸರು ಇಂಥ ಪ್ರಸಂಗಗಳಲ್ಲಿ ನಡೆದುಬಂದ ಪದ್ಧತಿಯಂತೆ ೨೦೧೭ರ ಫೆಬ್ರವರಿಯಲ್ಲಿ ಚಿಪ್ಪಿನ ತಯಾರಕರಿಗೆ ಗುಟ್ಟಾಗಿ ವಿಷಯವನ್ನು ತಿಳಿಸಿದರು. ಸರಿಪಡಿಸುವುದಕ್ಕೆ ಎಂಟು ತಿಂಗಳ ಅವಧಿಯನ್ನೂ ಕೊಟ್ಟರು. ಈ ಪದ್ಧತಿಯಲ್ಲಿ ಯುಕ್ತಿಯಿಲ್ಲದಿಲ್ಲ; ಮದ್ದು ಸಿದ್ಧವಾಗುವ ಮೊದಲೇ ರೋಗವನ್ನು ಸಾರಿದರೆ ಅದು ಕಳ್ಳನಿಗೆ ದಾರಿ ತೋರಿಸಿದಂತಾದೀತು. ಆದರೆ ಎಸ್ಟೋನಿಯದ ಮಾಹಿತಿ ವ್ಯವಸ್ಥಾ ಕಛೇರಿಗೆ ಈ ವಿಷಯವು ಮುಟ್ಟಿದ್ದು ಆಗಸ್ಟ್ ೩೦ರಂದು, ಅದೂ ಈ ಸಂಶೋಧಕರಿಂದಲೇ. ಚಿಪ್ಪಿನಿಂದ ಚೀಟಿಗೆ, ಚೀಟಿಯಿಂದ ರಾಜ್ಯಕ್ಕೆ ಕ್ರಮವಾಗಿ ಸಾಗಬೇಕಾಗಿದ್ದ ಸುದ್ದಿಯು ಮಾರಾಟಗಾರರ ಸರಪಣಿಯಲ್ಲಿ ಆರು ತಿಂಗಳಿಗೂ ಮಿಕ್ಕು ಎಲ್ಲಿಯೋ ತೊಡಕಿಕೊಂಡಿದ್ದಿತು. ಸಂಖ್ಯೆಗಳು ಗಡಿಯನ್ನು ಕ್ಷಣದಲ್ಲಿ ದಾಟುತ್ತವೆ. ಎಚ್ಚರಿಕೆಯ ಮಾತು ದಾಟುವುದಕ್ಕೆ ಮಾತ್ರ ಸರಿಯಾದ ಸೇತುವೆಯಿರಲಿಲ್ಲ.

ಸುದ್ದಿ ಬಂದ ಗಳಿಗೆಯೂ ವಿಷಮವಾಗಿದ್ದಿತು. ಅಕ್ಟೋಬರಿನಲ್ಲಿ ಸ್ಥಳೀಯ ಚುನಾವಣೆ. ಆ ಅರ್ಧವರ್ಷದಲ್ಲಿ ಯೂರೋಪಿಯನ್ ಒಕ್ಕೂಟದ ಮಂತ್ರಿಮಂಡಲಿಯ ಅಧ್ಯಕ್ಷತೆಯು ಎಸ್ಟೋನಿಯದ್ದಾಗಿದ್ದು, ಸೆಪ್ಟೆಂಬರಿನ ಕೊನೆಯಲ್ಲಿ ಒಕ್ಕೂಟದ ನಾಯಕರೆಲ್ಲ ಡಿಜಿಟಲ್ ವಿಷಯವನ್ನೇ ಚರ್ಚಿಸಲು ಟಾಲಿನ್ನಿಗೆ ಬರುವವರಿದ್ದರು. ಮುಚ್ಚಿಟ್ಟು ದಿನ ದೂಡುವ ಪ್ರಲೋಭನವು ಕಡಿಮೆಯದಾಗಿರಲಾರದು. ಆದರೂ ಸೆಪ್ಟೆಂಬರ್ ೫ರಂದು ಸರ್ಕಾರವು ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಇದು ಮೆಚ್ಚತಕ್ಕ ನಡತೆ. ಬಹಿರಂಗ ಕೀಲಿಗಳ ಕೋಶವನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. ಹೆಸರಿನಲ್ಲಿಯೇ ಬಹಿರಂಗವಾದುದನ್ನು ಮರೆಮಾಡಬೇಕಾಗಿ ಬಂದುದು ವಿಪರ್ಯಾಸವೇ ಸರಿ. ಒಂದೊಂದು ಕೀಲಿಯನ್ನೂ ಬೇರೆ ಬೇರೆಯಾಗಿ ಒಡೆಯಬೇಕಾಗಿದ್ದುದರಿಂದ ಚುನಾವಣೆಯನ್ನೇ ಕೆಡಿಸುವುದು ಸುಲಭವಲ್ಲವೆಂದು ಎಣಿಸಿ ಯಂತ್ರದ ಮೂಲಕ ಮತ ನೀಡುವುದನ್ನು ನಿಲ್ಲಿಸಲಿಲ್ಲ. ಮತ ಕೊಟ್ಟವರಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಮಂದಿ ಆ ಮಾರ್ಗದಿಂದಲೇ ಕೊಟ್ಟರು.

ಅಕ್ಟೋಬರ್ ೧೬ರಂದು ವಿದ್ವಾಂಸರು ದೋಷವಿರುವುದನ್ನು ಲೋಕಕ್ಕೆ ಸಾರಿದರು. ಯಾವ ಕೀಲಿ ದೋಷಯುಕ್ತವೆಂದು ಗುರುತಿಸುವ ಸಾಧನವನ್ನೂ ಪ್ರಕಟಿಸಿದರು. ಒಡೆಯುವ ಕ್ರಮವನ್ನು ಮಾತ್ರ, ಅಮೆರಿಕದ ಡಾಲಸ್ ನಗರದಲ್ಲಿ ನಡೆಯಲಿದ್ದ ವಿದ್ವತ್ಸಮ್ಮೇಳನದವರೆಗೆ ತಡೆದಿಟ್ಟುಕೊಂಡರು. ಆದರೆ ಗುರುತಿಸುವ ಸಾಧನದಲ್ಲಿಯೇ ಒಡೆಯುವ ಸುಳಿವೂ ಇದ್ದಿತು. ಬರ್ನ್‌ಸ್ಟೈನ್ ಮತ್ತು ಲಾಂಗೆ ಎಂಬ ಇಬ್ಬರು ಪಂಡಿತರು ಮೂಲ ಪ್ರಬಂಧವನ್ನು ನೋಡದೆಯೇ, ಹೊರಬಿದ್ದ ಸೂಚನೆಗಳಿಂದ ಆ ಕ್ರಮವನ್ನು ತಾವೇ ಪುನಾರಚಿಸಿದರು. ಪಾಠ ಲುಪ್ತವಾದ ಕಡೆಯಲ್ಲಿ ಛಂದಸ್ಸನ್ನು ಹಿಡಿದು ಪದವನ್ನು ಊಹಿಸಿದಂತೆ ಇದು. ಬಲ್ಲವರಿಂದ ಗುಟ್ಟನ್ನು ಹೆಚ್ಚು ದಿನ ಕಾಪಾಡಲು ಆಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಎಸ್ಟೋನಿಯದ ಅದೃಷ್ಟಕ್ಕೆ, ಅದೇ ಚಿಪ್ಪಿನೊಳಗೆ ಆರ್. ಎಸ್. ಎ. ಅಲ್ಲದೆ ಇನ್ನೊಂದು ವಿಧಾನಕ್ಕೂ ಎಡೆಯಿದ್ದಿತು. ಅದು ದೀರ್ಘವೃತ್ತೀಯ ವಕ್ರರೇಖೆಗಳ ಗಣಿತದ ಮೇಲೆ ನಿಂತದ್ದು. ಅದರಲ್ಲಿ ಅವಿಭಾಜ್ಯಗಳನ್ನು ಹುಡುಕುವ ತೊಡಕೇ ಇಲ್ಲ. ಆದುದರಿಂದ ಚೀಟಿಯನ್ನು ಬದಲಾಯಿಸದೆ, ಅದರೊಳಗಿನ ಕೀಲಿಗಳನ್ನು ಮಾತ್ರ ಬದಲಾಯಿಸಲು ಸಾಧ್ಯವಾಯಿತು. ಜನರು ಮನೆಯಿಂದಲೇ ಮಾಡಿಕೊಳ್ಳಬಹುದಾದ ಈ ಕೆಲಸಕ್ಕೆ ಒಮ್ಮೆಗೇ ಮುಗಿಬಿದ್ದಾಗ ಯಂತ್ರಗಳು ತಾಳಲಾರದೆ ಹೋದುವು. ಕಛೇರಿಗಳ ಮುಂದೆ ಸಾಲುಗಳು ಬೆಳೆದುವು. ಮೊದಲ ಕೆಲವು ದಿನ ವೈದ್ಯರು ಮುಂತಾಗಿ ಚೀಟಿಯಿಲ್ಲದೆ ಕೆಲಸ ನಡೆಯದವರಿಗೆ ಆದ್ಯತೆ ಕೊಡಬೇಕಾಯಿತು. ನವೀಕರಣಕ್ಕೆ ೨೦೧೮ರ ಮಾರ್ಚ್ ೩೧ರವರೆಗೆ ಅವಧಿಯಿದ್ದಿತು. ಸ್ಲೊವಾಕಿಯ ಮತ್ತು ಸ್ಪೇನ್ ದೇಶಗಳೂ ತಮ್ಮ ಚೀಟಿಗಳ ವಿಷಯದಲ್ಲಿ ಇಂಥದೇ ಕ್ರಮವನ್ನು ಕೈಗೊಂಡುವು. ಯಾರದಾದರೂ ಗುರುತನ್ನು ಈ ದೋಷದ ಮೂಲಕ ಕದ್ದ ಪ್ರಸಂಗವು ತಿಳಿದುಬಂದಿಲ್ಲವೆಂದು ಎಸ್ಟೋನಿಯ ಸರ್ಕಾರವು ಹೇಳಿತು. ಅದೇ ವರ್ಷದ ಡಿಸೆಂಬರಿನಿಂದ ಬೇರೆ ಸಂಸ್ಥೆಯವರು ತಯಾರಿಸಿದ ಹೊಸ ಚೀಟಿಗಳು ಬಳಕೆಗೆ ಬಂದುವು.

ಈ ಪ್ರಸಂಗದಲ್ಲಿ ಪ್ರಮಾಣಪತ್ರಗಳ ಬೆಲೆಯೆಷ್ಟೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ದೋಷವುಳ್ಳ ಚಿಪ್ಪುಗಳು ಪರೀಕ್ಷೆಗೊಳಗಾಗದೆ ಬಂದುವುಗಳಲ್ಲ. ಯೂರೋಪು ಅಮೆರಿಕಗಳೆರಡರ ಮಾನದಂಡಗಳಂತೆಯೂ ಅವು ತೇರ್ಗಡೆ ಹೊಂದಿದ್ದುವು. ಆದರೂ ೨೦೧೨ರ ವೇಳೆಗಾಗಲೇ ಇಂಥ ಕೀಲಿಗಳು ಹುಟ್ಟುತ್ತಿದ್ದುವೆಂದು ಸಂಶೋಧಕರು ತೋರಿಸಿದ್ದಾರೆ. ಗಣನಕ್ರಮವು ಪರೀಕ್ಷಕರಿಗೆ ಮಾತ್ರ ಕಾಣುವಂತೆ ಮುಚ್ಚಿದ್ದುದರಿಂದ, ಲೋಕದ ಗಣಿತಜ್ಞರಲ್ಲಿ ಯಾರಿಗೂ ಅದನ್ನು ಓದಿ ಆಕ್ಷೇಪಿಸುವ ಅವಕಾಶವಿರಲಿಲ್ಲ. ಡಿಫಿ, ಹೆಲ್‌ಮನ್‌ರಿಂದ ಮೊದಲಾದ ವಿದ್ಯೆಯಾದರೋ ಬೆಳೆದದ್ದು ಪ್ರಕಟಣೆಯಿಂದ, ಖಂಡನ ಮಂಡನದಿಂದ. ಆ ವಿದ್ಯೆಯ ಫಲವನ್ನು ತೆಗೆದುಕೊಂಡು ಅದರ ಕ್ರಮವನ್ನು ಬಿಟ್ಟದ್ದೇ ಇಲ್ಲಿಯ ಅನರ್ಥಕ್ಕೆ ಮೂಲವೆಂದು ಹೇಳಬೇಕಾಗುತ್ತದೆ. ವ್ಯಾಪಾರದ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕು ತಯಾರಕರಿಗೆ ಇದೆಯೆಂಬ ವಾದವೂ ಉಂಟು. ಒಬ್ಬ ಗ್ರಾಹಕನಿಗೆ ಮಾರುವ ಸಾಮಾನಿನಲ್ಲಿ ಅದು ಸಲ್ಲಬಹುದು. ಒಂದು ರಾಜ್ಯದ ಪ್ರಜೆಗಳೆಲ್ಲರ ಸಹಿಯೇ ಆ ಸಾಮಾನಿನ ಮೇಲೆ ನಿಂತಿರುವಾಗ ಸಲ್ಲುವುದು ಕಷ್ಟ.

ಇನ್ನೊಂದು ವಿಷಯವು ಪತ್ರಾಗಾರಗಳಲ್ಲಿ ಕೆಲಸ ಮಾಡುವವರಿಗೆ ಸಂಬಂಧಿಸಿದ್ದು. ೨೦೧೪ರ ಅಕ್ಟೋಬರಿನಿಂದ ಮೂರು ವರ್ಷ ಈ ದುರ್ಬಲ ಕೀಲಿಗಳಿಂದ ಸಹಿಯಾದ ಕ್ರಯಪತ್ರಗಳು, ಒಪ್ಪಂದಗಳು, ಉಯಿಲುಗಳಲ್ಲದ ಇತರ ನೂರಾರು ಬಗೆಯ ಲೇಖ್ಯಗಳು ಎಸ್ಟೋನಿಯದ ಕಡತಗಳಲ್ಲಿ ಉಳಿದಿವೆ. ಇಂದೋ ನಾಳೆಯೋ ಆ ಕೀಲಿಗಳನ್ನು ಒಡೆದವನೊಬ್ಬನು ಅದೇ ಹೆಸರಿನಲ್ಲಿ ಹಳೆಯ ತಾರೀಖಿನ ಪತ್ರವನ್ನು ಸೃಷ್ಟಿಸಿದರೆ, ನಿಜವಾದುದನ್ನೂ ಕೂಟವನ್ನೂ ಕೀಲಿಯೊಂದರಿಂದಲೇ ಬೇರ್ಪಡಿಸಲು ಆಗದು. ಅದಕ್ಕೆ ಆಧಾರವಾಗುವುದು ಬೇರೊಂದು ಏರ್ಪಾಡು. ಆ ದೇಶದ ಪದ್ಧತಿಯಲ್ಲಿ ಸಹಿಯಾದ ಗಳಿಗೆಯಲ್ಲಿಯೇ ಪ್ರಮಾಣಪತ್ರ ಕೊಡುವ ಸಂಸ್ಥೆಯನ್ನು ವಿಚಾರಿಸಿ, 'ಈ ಕೀಲಿಯು ಈ ಕಾಲದಲ್ಲಿ ಚಾಲ್ತಿಯಲ್ಲಿತ್ತು' ಎಂಬ ಉತ್ತರವನ್ನು ಪಡೆದು, ಕಾಲಸೂಚನೆಯೊಂದಿಗೆ ಅದನ್ನು ಪತ್ರದ ಜೊತೆಗೇ ಹೊಲಿದಿಡುತ್ತಾರೆ. ಆ ಉತ್ತರಕ್ಕೆ ಸಹಿ ಹಾಕುವ ಕೀಲಿಯು ಸಂಸ್ಥೆಯದು, ಪ್ರಜೆಯ ಚೀಟಿಯಲ್ಲಿದ್ದುದಲ್ಲ. ತಡೆಹಿಡಿದ ದಿನಕ್ಕಿಂತ ಹಿಂದಿನ ಪತ್ರವೆಂದು ಹೇಳಿಕೊಂಡು ಬರುವ ಯಾವ ಲೇಖ್ಯಕ್ಕೂ ಈ ಎರಡನೆಯ ಸಾಕ್ಷಿಯಿರಬೇಕು. ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.